ಕಾಡುಬೆಕ್ಕಿನ ಆರೈಕೆ

ಒಂದು ಕುರುಚಲು ಕಾಡಿನಲ್ಲಿ ದೊಡ್ಡದೊಂದು ಕೆರೆಯಿತ್ತು. ಕೆರೆಯ ಏರಿಯ ಪಕ್ಕದ ಬೋರೆಯ ಪೊದೆಯಲ್ಲಿ ನಿಂಗವ್ವ ಎಂಬ ಗೌಜಲಕ್ಕಿ ತನ್ನ ಮರಿಗಳೊಂದಿಗೆ ಇದ್ದಳು. ಗಂಡ ಮಳೆಗಾಲದಲ್ಲಿ ಗಿಡುಗನ ಪಾಲಾಗಿದ್ದ. ಮರಿಗಳನ್ನು ಅವಳೊಬ್ಬಳೇ ಸಾಕುತ್ತಿದ್ದಳು. ಎಲ್ಲರಿಗಿಂತ ಚಿಕ್ಕವಳ ಹೆಸರು ತಿಪ್ಪಿ. ಅಕ್ಕಂದಿರು ಹತ್ತು ಹೆಜ್ಜೆ ಮುಂದೆ ಹೋದರೆ ಅವಳು ಒಂದು ಹುಳದ ಹಿಂದೆ ಬಿದ್ದು ದಾರಿ ತಪ್ಪುವಳು.

ಚಳಿಗಾಲ ಬಂತೆಂದರೆ ಬಡಗಣ ದೇಶದಿಂದ ಬಾತುಗಳು ಆ ಕೆರೆಗೆ ಬರುತ್ತಿದ್ದವು. ಅವುಗಳಲ್ಲಿ ನೀಲವ್ವ ಎಂಬ ಬಾತು ನಿಂಗವ್ವನಿಗೆ ಹಳೆಯ ಗೆಳತಿ. ಅವಳು ಹಿಮದ ಬೆಟ್ಟಗಳ ಸುದ್ದಿ ಹೇಳುವಳು, ಇವಳು ಕಾಡಿನ ಸುದ್ದಿ ಹೇಳುವಳು. ಹೊತ್ತು ಹೋದದ್ದೇ ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಆ ವರ್ಷ ಬಾತುಗಳು ಬಂದ ಕೆಲವೇ ದಿನಗಳಿಗೆ ಕೆರೆಯ ದಂಡೆಯಲ್ಲಿ ಸತ್ತ ಹಕ್ಕಿಗಳು ಕಂಡವು. ಮೊದಲು ಒಂದು ಬಾತು. ಆಮೇಲೆ ಒಂದು ಕೊಕ್ಕರೆ. ಆಮೇಲೆ ಮತ್ತೂ ಬಾತುಗಳು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಸಾಯುವ ಮೊದಲು ಅವು ಕತ್ತು ತಿರುಚಿಕೊಂಡು, ನೀರಿನಲ್ಲಿ ಗಿರಗಿರನೆ ಸುತ್ತಿ ಬಿದ್ದಿದ್ದವು.

ಕಾಳಪ್ಪ ಎಂಬ ಕಾಗೆ ಮರದಿಂದ ಮರಕ್ಕೆ ಹಾರಿದ.

"ಹಕ್ಕಿಗಳಿಗೆ ರೋಗ ಬಂದಿದೆ! ಉಸಿರು ತಾಕಿದರೆ ಸಾಕು, ಸಾವು!"

ಮೊದಲ ಮರದಲ್ಲಿ ಕಾಳಪ್ಪ ಹೇಳಿದಾಗ ಸತ್ತವರು ಬೆರಳೆಣಿಕೆಯಷ್ಟು. ಆಲದ ಮರ ಮುಟ್ಟುವ ಹೊತ್ತಿಗೆ ಅವನ ಬಾಯಲ್ಲಿ ಇಡೀ ಕೆರೆ ಹೆಣಗಳಿಂದ ತುಂಬಿಹೋಗಿತ್ತು.

ಕಾಡು ನಡುಗಿತು. ಗಿಳಿಗಳು ಬೇವಿನ ಸೊಪ್ಪು ತಿಂದು ತಿಂದು ವಾಂತಿ ಮಾಡಿಕೊಂಡವು. ಪಾರಿವಾಳಗಳು ಪೊಟರೆಯ ಬಾಯಿಗೆ ಎಲೆ ತುರುಕಿ ಒಳಗೇ ಕುಳಿತವು. ಮೊಲಗಳು ಕೂಡ "ನಮ್ಮ ಕಡೆ ಬರಬೇಡಿ" ಎಂದು ಹಕ್ಕಿಗಳಿಗೆ ಮುಖ ತಿರುಗಿಸಿದವು. ಮಿಂಚುಳ್ಳಿ ಮಾತ್ರ, "ರೋಗವೂ ಇಲ್ಲ, ಮಣ್ಣೂ ಇಲ್ಲ. ಕಾಳಪ್ಪನಿಗೆ ಮಾತಾಡುವ ಚಟ" ಎಂದು ಹೆಣಗಳ ನಡುವೆಯೇ ಮೀನು ಹಿಡಿಯುತ್ತಿತ್ತು. ಒಂದು ಮುಂಜಾನೆ ಅದೂ ಅಲ್ಲೇ ಬಿದ್ದಿತ್ತು.

ಆಗ ಕಾಗೆಗಳೆಲ್ಲ ಗುಂಪು ಕಟ್ಟಿದವು. "ಈ ಪೀಡೆ ತಂದವರೇ ಆ ಬಾತುಗಳು!" ಎಂದು ಕೂಗಿ, ಕುಕ್ಕಿ ಕುಕ್ಕಿ ಬಾತುಗಳನ್ನು ಕೆರೆಯಿಂದ ಓಡಿಸಿದವು. ಹಾರಲು ಶಕ್ತಿಯಿದ್ದವರು ಹಾರಿಹೋದರು. ನೀಲವ್ವನಿಗೆ ಶಕ್ತಿ ಇರಲಿಲ್ಲ.

ನಿಂಗವ್ವ ಗೆಳತಿಯನ್ನು ಹುಡುಕುತ್ತಾ ಏರಿಯ ಮೇಲೆ ಬಂದಳು. ಕೆಳಗೆ ಜೊಂಡು ಹುಲ್ಲಿನ ನಡುವೆ ನೀಲವ್ವ ರೆಕ್ಕೆ ಇಳಿಬಿಟ್ಟು ಕುಳಿತಿದ್ದಳು. ಕಣ್ಣು ಊದಿತ್ತು. ಉಸಿರಾಡಿದರೆ ಗೊರಗೊರ ಸದ್ದು.

"ನೀಲವ್ವಾ!" ಎಂದು ನಿಂಗವ್ವ ಓಡಿದಳು.

"ಅಲ್ಲೇ ನಿಲ್ಲು! ಹತ್ತಿರ ಬರಬೇಡ!" ನೀಲವ್ವ ಇದ್ದ ಬಲವನ್ನೆಲ್ಲ ಕೂಡಿಸಿ ಕೂಗಿದಳು. "ನನಗೆ ತಾಕಿದೆ. ನೀನು ಮಕ್ಕಳೊಂದಿಗಳು."

ನಿಂಗವ್ವ ನಿಂತಲ್ಲೇ ನಿಂತಳು. ಹೋಗಲೂ ಆಗದು, ಬಿಡಲೂ ಆಗದು.

"ಏನು ಮಾಡಲಿ ಹೇಳೇ."

"ಈ ಕೆರೆಯ ನೀರು ಕುಡಿಯಬೇಡ. ಗುಡ್ಡದ ಮೇಲಿನ ಒರತೆಗೆ ಹೋಗು. ಸತ್ತವರನ್ನು ಮುಟ್ಟಬೇಡ, ಬೇರೆಯವರೂ ಮುಟ್ಟದಂತೆ ನೋಡಿಕೋ. ನಾಳೆ ನಾನು ಸತ್ತರೆ ನನ್ನನ್ನೂ. ನಮ್ಮ ದೇಶದಲ್ಲೂ ಈ ಜಡ್ಡು ಬಂದಿತ್ತು. ಜಡ್ಡಾದವರು ದೂರ ಕುಳಿತರು, ಉಳಿದವರು ದೂರದಿಂದಲೇ ಕಾಳು ಕೊಟ್ಟರು. ಕೆಲವರು ಹೋದರು, ಹಲವರು ಉಳಿದರು. ಯಾರನ್ನೂ ಯಾರೂ ಓಡಿಸಲಿಲ್ಲ."

ಅಂದಿನಿಂದ ನಿಂಗವ್ವ ದಿನಾ ಏರಿಯ ಮೇಲೆ ನಿಂತು ಬೋರೆಹಣ್ಣುಗಳನ್ನು ಕೆಳಕ್ಕೆ ಉರುಳಿಸುತ್ತಿದ್ದಳು. ಅವು ಇಳಿಜಾರಿನಲ್ಲಿ ಉರುಳಿ ನೀಲವ್ವನ ಮುಂದೆ ನಿಲ್ಲುತ್ತಿದ್ದವು. ಮರಿಗಳನ್ನು ಒರತೆಗೇ ಕರೆದೊಯ್ಯುತ್ತಿದ್ದಳು. ಯಾರಿಗೂ ಈ ವಿಷಯ ಹೇಳಲಿಲ್ಲ. ಹೇಳಿದರೆ ಕಾಗೆಗಳು ನೀಲವ್ವನನ್ನು ಬದುಕಗೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಇತ್ತ ಆಲದ ಮರದ ಕೆಳಗೆ ಹಕ್ಕಿಗಳ ಸಭೆ ಸೇರಿತು. ಚಂದ್ರಪ್ಪ ಎಂಬ ನವಿಲು ಆ ಕಾಡಿನ ಹಕ್ಕಿಗಳಿಗೆ ಯಜಮಾನ. ಅವನಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದಾಗ ಪೊದೆಯಿಂದ ಮೆಲ್ಲಗೆ ಒಂದು ದನಿ ಬಂತು.

"ಹೆದರಬೇಡಿ ತಂಗಿಯರೇ."

ಗವಿಯಪ್ಪ ಎಂಬ ಕಾಡುಬೆಕ್ಕು ತಲೆ ತಗ್ಗಿಸಿ ನಿಂತಿದ್ದ. ಬೇರೆ ದಿನವಾಗಿದ್ದರೆ ಅವನ ಮೀಸೆ ಕಂಡರೂ ಹಕ್ಕಿಗಳು ಹಾರಿಹೋಗುತ್ತಿದ್ದವು. ಅಂದು ಯಾರೂ ಹಾರಲಿಲ್ಲ. ರೋಗದ ಭಯದ ಮುಂದೆ ಬೆಕ್ಕಿನ ಭಯ ಸಣ್ಣದಾಗಿತ್ತು.

"ಇದು ಹಕ್ಕಿಗಳ ರೋಗ. ನಾನು ಬೆಕ್ಕು, ನನಗೆ ತಾಕುವುದಿಲ್ಲ. ನಿಮ್ಮಲ್ಲಿ ಯಾರಿಗೆ ಕೆಮ್ಮು ಬಂದರೂ, ಯಾರು ಸೀನಿದರೂ ನನ್ನ ಗವಿಗೆ ಕಳಿಸಿ. ಬೆಚ್ಚಗಿಟ್ಟು ಆರೈಕೆ ಮಾಡುತ್ತೇನೆ. ವಾಸಿಯಾದ ಮೇಲೆ ನಾನೇ ತಂದು ಬಿಡುತ್ತೇನೆ. ಜಡ್ಡಾದವರು ನಿಮ್ಮ ನಡುವೆ ಇದ್ದರೆ ಒಬ್ಬರೂ ಉಳಿಯುವುದಿಲ್ಲ, ನೆನಪಿರಲಿ."

"ಗವಿಯಣ್ಣ ಹೇಳುವುದು ಸರಿ!" ಎಂದ ಕಾಳಪ್ಪ. ಚಂದ್ರಪ್ಪನಿಗೂ ತಲೆಯ ಭಾರ ಇಳಿದಂತಾಯಿತು. "ಹಾಗೇ ಆಗಲಿ" ಎಂದ.

"ಯಜಮಾನರೇ, ಬೆಕ್ಕಿನ ಗವಿಗೇ?" ಎಂದಳು ನಿಂಗವ್ವ. ಅವಳ ಮಾತು ಆ ಗದ್ದಲದಲ್ಲಿ ಹಲವರಿಗೆ ಕೇಳಿಸಲಿಲ್ಲ. ಕೇಳಿಸಿದವರು ಕೇಳದವರಂತೆ ಕುಳಿತರು.

ಮರುದಿನದಿಂದ ಹಕ್ಕಿಗಳು ಒಬ್ಬರನ್ನೊಬ್ಬರು ಕಾಯತೊಡಗಿದವು. ದೂಳಿಗೆ ಸೀನಿದ ಒಂದು ಪಾರಿವಾಳವನ್ನು ಒಪ್ಪಿಸಿದರು. ಕುಂಟುತ್ತಿದ್ದ ಒಂದು ಬೆಳ್ಳಕ್ಕಿಯನ್ನು ಒಪ್ಪಿಸಿದರು. ಗೂಡಿನ ಜಾಗಕ್ಕಾಗಿ ಜಗಳವಾಡಿದ್ದ ಗಿಳಿಯೊಂದು ಪಕ್ಕದ ಗಿಳಿಯ ಹೆಸರು ಹೇಳಿತು. ಸಂಗವ್ವ ಎಂಬ ಗೊರವಂಕ ಹಕ್ಕಿಯಂತೂ ತನ್ನ ಗಂಡ ಈರಣ್ಣನನ್ನೇ ಕಳಿಸಿಕೊಟ್ಟಳು. ಅವನ ಗಂಟಲಲ್ಲಿ ಕಾಳು ಸಿಕ್ಕಿ ಎರಡು ಸಲ ಕೆಮ್ಮಿದ್ದ, ಅಷ್ಟೇ. ಗೂಡಿನಲ್ಲಿ ಮೊಟ್ಟೆಗಳಿದ್ದವು. ಅವಳಿಗೆ ಹೆದರಿಕೆಯಾಗಿತ್ತು.

ಹೋದವರು ಯಾರೂ ತಿರುಗಿ ಬರಲಿಲ್ಲ. ಕೇಳಿದರೆ ಗವಿಯಪ್ಪ, "ಇನ್ನೂ ಸ್ವಲ್ಪ ನಿತ್ರಾಣ ಇದೆ. ಇವತ್ತೋ ನಾಳೆಯೋ ಕಳಿಸುತ್ತೇನೆ" ಎನ್ನುತ್ತಿದ್ದ. ಅವನ ಹೊಟ್ಟೆ ಮಾತ್ರ ದಿನದಿನಕ್ಕೆ ದುಂಡಗಾಗುತ್ತಿತ್ತು. ನಿಂಗವ್ವ ಅದನ್ನು ನೋಡಿದ್ದಳು. ಮರಿಗಳಿಗೆ, "ಸೀನು ಬಂದರೆ ರೆಕ್ಕೆಯಲ್ಲಿ ಮುಖ ಮುಚ್ಚಿಕೊಳ್ಳಿ. ಸದ್ದು ಮಾಡಬೇಡಿ" ಎಂದು ಹೇಳಿಕೊಟ್ಟಳು.

ಒಂದು ಬೆಳಿಗ್ಗೆ ಅವಳು ಏರಿಯಿಂದ ಹಣ್ಣು ಉರುಳಿಸಿದಳು. ಹಣ್ಣು ಹೋಗಿ ನೀಲವ್ವನ ಮುಂದೆ ನಿಂತಿತು. ನೀಲವ್ವ ಕತ್ತೆತ್ತಲಿಲ್ಲ. ನಿಂಗವ್ವ ಎರಡು ಸಲ ಕೂಗಿದಳು. ಕೆಳಗಿಳಿದು ಒಮ್ಮೆ ಮುಟ್ಟಬೇಕೆಂದು ಜೀವ ಎಳೆಯಿತು. ಆದರೆ ಮುಟ್ಟಬೇಡವೆಂದು ನೀಲವ್ವನೇ ಹೇಳಿದ್ದಳು. ಅವಳು ಅತ್ತುಕೊಂಡು ಮನೆ ಕಡೆ ತಿರುಗಿದಳು.

ಪೊದೆಯ ಹತ್ತಿರ ಬರುವಾಗಲೇ ಕೇಳಿಸಿತು:

"ಸೀನಿದಳು! ತಿಪ್ಪಿ ಸೀನಿದಳು! ನನ್ನ ಕಣ್ಣಾರೆ ಕಂಡೆ!"

ತಿಪ್ಪಿ ದೂಳಿನಲ್ಲಿ ಹೊರಳಾಡಿ ಸೀನಿದ್ದಳು. ಮೇಲಿನ ಕೊಂಬೆಯಲ್ಲಿ ಕಾಳಪ್ಪ ಕುಳಿತಿದ್ದ. ನಿಂಗವ್ವ ಓಡಿಬಂದು ಮರಿಗಳನ್ನು ಪೊದೆಯೊಳಕ್ಕೆ ತಳ್ಳುವಷ್ಟರಲ್ಲಿ ಹಕ್ಕಿಗಳು ಸುತ್ತ ನೆರೆದಿದ್ದವು. ಯಾರೂ ಹತ್ತಿರ ಬರಲಿಲ್ಲ, ಯಾರೂ ದೂರ ಹೋಗಲಿಲ್ಲ. ಗವಿಯಪ್ಪ ನಡುವೆ ದಾರಿ ಮಾಡಿಕೊಂಡು ಬಂದ.

"ಕೊಡು ತಂಗಿ. ಚಿಕ್ಕ ಮಗು. ಬೇಗ ವಾಸಿಯಾಗುತ್ತದೆ."

"ಅವಳಿಗೆ ಏನೂ ಆಗಿಲ್ಲ. ದೂಳು ಮೂಗಿಗೆ ಹೋಗಿದೆ."

"ಎಲ್ಲ ತಾಯಂದಿರೂ ಹೀಗೇ ಹೇಳುವುದು."

"ಕೊಟ್ಟುಬಿಡು ನಿಂಗವ್ವ!" ಎಂದಳು ಸಂಗವ್ವ ಮರದ ಮೇಲಿಂದ. "ನಾನು ಗಂಡನನ್ನೇ ಕಳಿಸಿಲ್ಲವೇ?"

ನಿಂಗವ್ವ ಪೊದೆಯ ಬಾಯಿಗೆ ಅಡ್ಡ ನಿಂತು ಗರಿ ಕೆದರಿದಳು.

"ಎಲ್ಲರೂ ಕೇಳಿ. ಜಡ್ಡು ಯಾರಿಗೆ ಬಂದಿತ್ತೆಂದು ನನಗೆ ಗೊತ್ತು. ಬಾತು ನೀಲವ್ವನಿಗೆ. ಅವಳು ಜೊಂಡಿನಲ್ಲಿದ್ದಳು, ಇವತ್ತು ಬೆಳಿಗ್ಗೆ ತೀರಿಕೊಂಡಳು. ಏರಿಯ ಮೇಲಿಂದ ನಾನು ಅವಳಿಗೆ ಹಣ್ಣು ಕೊಡುತ್ತಿದ್ದೆ. ಹತ್ತಿರ ಹೋಗಲಿಲ್ಲ, ಕೆರೆಯ ನೀರು ಕುಡಿಯಲಿಲ್ಲ. ಅದಕ್ಕೇ ನನ್ನ ಮಕ್ಕಳು ಗಟ್ಟಿಯಾಗಿವೆ. ಆ ಜೊಂಡಿನ ಕಡೆ ಯಾರೂ ಸುಳಿಯಬೇಡಿ. ಗವಿಯಣ್ಣ, ನಿನಗೂ ಹೇಳುತ್ತಿದ್ದೇನೆ. ಅವಳನ್ನು ಮುಟ್ಟಬೇಡ. ಅದು ನಿಜವಾದ ರೋಗ."

ಹಕ್ಕಿಗಳು ಹೋ ಎಂದು ಹಿಂದೆ ಸರಿದವು. "ರೋಗದವಳಿಗೆ ಊಟ ಹಾಕಿದ್ದಾಳೆ! ಇವಳಿಗೂ ತಾಕಿದೆ! ಇವಳನ್ನೂ, ಮರಿಗಳನ್ನೂ ಒಯ್ಯಲಿ!"

ಗವಿಯಪ್ಪನ ಕಣ್ಣು ಒಂದು ಗಳಿಗೆ ಜೊಂಡಿನ ಕಡೆ ಹೊರಳಿತು. ನಾಲಿಗೆ ತುಟಿ ಸವರಿಕೊಂಡಿತು.

"ಮೊದಲು ಆ ಹೆಣವನ್ನು ಮಣ್ಣು ಮಾಡಿ ಬರುತ್ತೇನೆ. ಇಲ್ಲದಿದ್ದರೆ ಎಲ್ಲರಿಗೂ ಅಪಾಯ. ಅಲ್ಲಿಯವರೆಗೆ ಇವರು ಹೊರಗೆ ಬರದಂತೆ ಕಾಯಿರಿ. ನಾಳೆ ಬೆಳಿಗ್ಗೆ ಬಂದು ಕರೆದೊಯ್ಯುತ್ತೇನೆ."

"ಬೇಡ ಗವಿಯಣ್ಣ!" ಎಂದು ನಿಂಗವ್ವ ಕೂಗಿದಳು. "ನಿನ್ನ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ. ಇದ್ದದ್ದು ಹೇಳುತ್ತಿದ್ದೇನೆ."

ಗವಿಯಪ್ಪ ಮೀಸೆಯಲ್ಲೇ ನಕ್ಕು ಹೊರಟುಹೋದ.

ಕಾಗೆಗಳು ಪೊದೆಯ ಸುತ್ತ ಕಾವಲು ಕುಳಿತವು. ಒರತೆಗೆ ಹೋಗಲೂ ಬಿಡಲಿಲ್ಲ. ಮರಿಗಳು ಬಾಯಾರಿ ಕೊಕ್ಕು ತೆರೆದು ಕುಳಿತವು. ನಿಂಗವ್ವ ಮುಂಜಾವದಲ್ಲಿ ಎಲೆಗಳ ಮೇಲಿನ ಇಬ್ಬನಿಯನ್ನು ಕೊಕ್ಕಿನಲ್ಲಿ ಹಿಡಿದು ಒಬ್ಬೊಬ್ಬರ ಬಾಯಿಗೂ ಹಾಕಿದಳು. ಪ್ರತಿ ಎಲೆ ಅಲುಗಿದಾಗಲೂ ಬೆಕ್ಕು ಬಂತೆಂದು ಬೆಚ್ಚುತ್ತಿದ್ದಳು.

ಗವಿಯಪ್ಪ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಿಂಗವ್ವ ಪೊದೆಯೊಳಗಿಂದ ಮೇಲೆ ನೋಡಿದಳು. ಹತ್ತಿರದ ಕೊಂಬೆಯಲ್ಲಿ ಸಂಗವ್ವ ಕುಳಿತಿದ್ದಳು.

"ಸಂಗವ್ವ, ಈರಣ್ಣ ಮನೆಗೆ ಬಂದನೇನೇ?"

ಸಂಗವ್ವ ಬೇರೆ ಕಡೆ ನೋಡಿದಳು. "ಇವತ್ತೋ ನಾಳೆಯೋ ಅಂತಾರೆ ಗವಿಯಣ್ಣ."

"ನೀನು ಹೋಗಿ ನೋಡಿದೆಯಾ?"

ಸಂಗವ್ವ ಯಾರಿಗೂ ಹೇಳದೆ ಗವಿಯಿರುವ ಗುಡ್ಡದ ಕಡೆ ಹಾರಿದಳು.

ಹೊತ್ತು ಇಳಿಯುವಾಗ ಅವಳು ತಿರುಗಿ ಬಂದಳು. ಹಕ್ಕಿಗಳ ಹತ್ತಿರ ಬರಲಿಲ್ಲ. ದೂರದ ಒಂದು ಒಣ ಮರದ ಮೇಲೆ ಕುಳಿತಳು.

"ಇಲ್ಲಿಗೆ ಯಾರೂ ಬರಬೇಡಿ. ನಾನು ಗವಿಯ ಬಾಗಿಲತನಕ ಹೋಗಿದ್ದೆ" ಎಂದಳು. "ಗವಿಯಪ್ಪ ಬಿದ್ದುಕೊಂಡಿದ್ದಾನೆ. ಕಣ್ಣು ಊದಿದೆ, ಉಸಿರು ಗೊರಗೊರ ಅನ್ನುತ್ತಿದೆ. ಸುತ್ತ ಬರೀ ಗರಿ. ಪಾರಿವಾಳದ ಗರಿ. ಬೆಳ್ಳಕ್ಕಿಯ ಗರಿ. ಬಾಗಿಲ ಹತ್ತಿರವೇ ನಮ್ಮವರದು. ಹಳದಿ ಕೊಕ್ಕು ಹಾಗೇ ಬಿದ್ದಿತ್ತು."

ಅವಳು ಕೊಕ್ಕನ್ನು ಒಣ ಕೊಂಬೆಗೆ ಉಜ್ಜಿ ಮುಂದುವರಿಸಿದಳು.

"ನಾನು ಕೇಳಿದೆ, ಏನಾಯಿತು ನಿನಗೆ ಅಂತ. ಅವನು ಹೇಳಿದ: ಬಾತುಗಳು ಚಳಿಗೆ ಸತ್ತವೆಂದುಕೊಂಡಿದ್ದೆ. ರೋಗ ಅನ್ನುವುದೆಲ್ಲ ನಿಮ್ಮ ಹುಚ್ಚು ಎಂದುಕೊಂಡಿದ್ದೆ. ಆ ಗೌಜಲಕ್ಕಿ ಮುಟ್ಟಬೇಡ ಅಂದಳು. ಗೆಳತಿಯ ಹೆಣ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಕೊಬ್ಬಿದ ಬಾತು, ಒಂದು ಚೂರೂ ಬಿಡದೆ ತಿಂದೆ... ಅಂದ. ಆಮೇಲೆ ನೀರು ಕೇಳಿದ."

"ಕೊಟ್ಟೆಯಾ?" ಎಂದ ಚಂದ್ರಪ್ಪ.

"ಹತ್ತಿರ ಹೋಗಲು ಹೆದರಿಕೆಯಾಯಿತು ಯಜಮಾನರೇ. ಗರಿಯನ್ನೂ ಮುಟ್ಟಲಾಗಲಿಲ್ಲ."

ಕಾಳಪ್ಪ ಕೊಕ್ಕನ್ನು ರೆಕ್ಕೆಯಡಿ ಹುದುಗಿಸಿಕೊಂಡ. ಕಾವಲಿಗಿದ್ದ ಕಾಗೆಗಳು ಒಂದೊಂದಾಗಿ ಜಾಗ ಬಿಟ್ಟು ಎದ್ದವು. ಚಂದ್ರಪ್ಪ ಬೋರೆಯ ಪೊದೆಯ ಮುಂದೆ ಬಂದು ತಲೆ ಬಾಗಿಸಿ ನಿಂತ.

"ನಿಂಗವ್ವ, ನಿನ್ನ ಗೆಳತಿ ಏನು ಹೇಳಿದ್ದಳು? ನಮಗೂ ಹೇಳು."

"ಹೇಳುತ್ತೇನೆ ಯಜಮಾನರೇ. ಮೊದಲು ನನ್ನ ಮಕ್ಕಳು ನೀರು ಕುಡಿಯಲಿ."

ಹಕ್ಕಿಗಳು ಎರಡೂ ಕಡೆ ಸರಿದು ದಾರಿ ಬಿಟ್ಟವು. ನಿಂಗವ್ವ ಮರಿಗಳನ್ನು ಕರೆದುಕೊಂಡು ಒರತೆಗೆ ಹೋದಳು. ಅವು ಹೊಟ್ಟೆ ತುಂಬ ಕುಡಿದ ಮೇಲೆಯೇ ಆಲದ ಮರಕ್ಕೆ ಬಂದು, ನೀಲವ್ವ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಅಂದಿನಿಂದ ಕೆರೆಯ ದಂಡೆಗೆ ಯಾರೂ ಹೋಗಲಿಲ್ಲ. ಮೈ ಸರಿಯಿಲ್ಲದವರು ತಾವಾಗಿಯೇ ದೂರ ಹೋಗಿ ಕುಳಿತರು. ಉಳಿದವರು ಅವರಿಗೆ ಕಾಳು ಹಾಕಿ ಹಿಂದೆ ಸರಿದರು. ಕೆಲವರು ಉಳಿಯಲಿಲ್ಲ. ಬಹಳ ಮಂದಿ ಉಳಿದರು. ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ರೋಗವೂ ಇಳಿಯಿತು. ಗವಿಯಪ್ಪ ಮಾತ್ರ ಗವಿಯಿಂದ ಮತ್ತೆ ಹೊರಗೆ ಬರಲಿಲ್ಲ.

ಸಂಗವ್ವ ಆ ಒಣ ಮರದಲ್ಲಿ ಒಬ್ಬಳೇ ಕುಳಿತಿದ್ದ ದಿನಗಳಲ್ಲಿ ಮರದ ಬುಡಕ್ಕೆ ಹಣ್ಣು ತಂದಿಡುತ್ತಿದ್ದವಳು ನಿಂಗವ್ವ. ಒಂದು ದಿನ ಸಂಗವ್ವ ಮೇಲಿಂದಲೇ ಕೇಳಿದಳು:

"ನಿನ್ನ ಮಗಳನ್ನು ಕೊಟ್ಟುಬಿಡು ಎಂದವಳು ನಾನು. ನನ್ನ ಮೇಲೆ ನಿನಗೆ ಸಿಟ್ಟಿಲ್ಲವೇ?"

"ಇದೆ" ಎಂದಳು ನಿಂಗವ್ವ. "ಮೊದಲು ತಿನ್ನು."

ನೀತಿ: ರೋಗ ಬಂದಾಗ ಎಚ್ಚರದಿಂದ ದೂರವಿರಬೇಕು, ಆದರೆ ಹೆದರಿ ನಮ್ಮವರನ್ನೇ ಕೈಬಿಡಬಾರದು, ಬೇರೆಯವರ ಭಯವನ್ನು ಬಳಸಿ ಹೊಟ್ಟೆ ಹೊರೆಯುವವನು ಕೊನೆಗೆ ಆ ಆಪತ್ತಿಗೇ ಬಲಿಯಾಗುತ್ತಾನೆ.