ಸಂಜೆಗೆ ಕೆಡುವ ಸರಕು

"ಕೇಳಿರಪ್ಪೋ ಕೇಳಿ! ಕಡಲೂರಿನ ಅರಸರಾದ ತಿರುಮನಾಯಕರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ ಒಂದು ವರ ಕೊಡುತ್ತಾರೆ. ಒಂದು ತಪ್ಪಿದರೂ ತಲೆ ತೆಗೆಸುತ್ತಾರೆ!"

ಡಂಗುರದವನು ಉಪ್ಪಿನ ಗದ್ದೆಗಳ ಬದುವಿನ ಮೇಲೆ ಹೀಗೆ ಸಾರುತ್ತ ಹೋದಾಗ ಜಟ್ಟು ಕೈಕಟ್ಟಿ ಕೂತಿದ್ದ. ಅವನೊಬ್ಬನೇ ಅಲ್ಲ, ಉಪ್ಪು ತೆಗೆಯುವ ಊರಿಗೆ ಊರೇ ಕೂತಿತ್ತು. ಅಂಗಾಲು ಬಿರಿದು, ಬಿರುಕಿಗೆ ಉಪ್ಪುನೀರು ಇಳಿದು ಉರಿಯುವ ಆ ಕೆಲಸಕ್ಕೆ ಅರಸ ಕೊಡುತ್ತಿದ್ದದ್ದು ಒಂದು ಹೊತ್ತಿನ ಗಂಜಿಗಾಗುವಷ್ಟು ಅಕ್ಕಿ. ಎರಡು ಹೊತ್ತಿಗಾಗುವಷ್ಟು ಕೊಡುವ ತನಕ ಯಾರೂ ಗದ್ದೆಗೆ ಇಳಿಯಬಾರದೆಂದು ಜಟ್ಟುವಿನ ಅಕ್ಕ ಸುಕ್ರಿ ಎಲ್ಲರನ್ನೂ ಒಂದು ಕೂಟ ಮಾಡಿ ಆಣೆ ಹಾಕಿಸಿದ್ದಳು. ಅದಕ್ಕೆ ಅರಸ ಅವಳನ್ನು ಸೆರೆಗೆ ತಳ್ಳಿದ್ದ. ಉಪ್ಪು ತಿಂದ ಮನೆಗೆ ಎರಡು ಬಗೆದವಳು ಅಂತ ಆರೋಪ. ನ್ಯಾಯ ಹೇಗಿದೆ ನೋಡಿ! ಉಪ್ಪು ಬೆಳೆದವಳು ಇವಳು, ತಿಂದವನು ಅವನು, ದ್ರೋಹಿ ಮಾತ್ರ ಇವಳು. ಬರುವ ಅಮಾವಾಸ್ಯೆಗೆ ಅವಳಿಗೆ ಗಲ್ಲು ಎಂದು ತೀರ್ಪಾಗಿತ್ತು. ಜಟ್ಟು ಎದ್ದು ಅರಮನೆಯ ದಾರಿ ಹಿಡಿದ.

ಅಲ್ಲಿ ಆಗಲೇ ಇಬ್ಬರು ನಿಂತಿದ್ದರು. ಒಬ್ಬ ಆಸ್ಥಾನದ ಪಂಡಿತ, ಇನ್ನೊಬ್ಬ ಹಡಗಿನ ವ್ಯಾಪಾರಿ. ಉಪ್ಪಿನ ಗದ್ದೆಯ ಯಜಮಾನಿಕೆಯನ್ನೇ ವರವಾಗಿ ಹೊಡೆದುಕೊಳ್ಳಬೇಕೆಂದು ಇಬ್ಬರಿಗೂ ಆಸೆ. ಮೂರು ಉತ್ತರಗಳನ್ನೂ ಅರಸ ಮೊದಲೇ ಮುದಿ ರಾಜಗುರುವಿನ ಕಿವಿಯಲ್ಲಿ ಹೇಳಿಟ್ಟಿದ್ದ.

"ಬೆಳಗ್ಗೆ ಮಾರಾಟಕ್ಕೆ ಬರುತ್ತದೆ, ಮಾರದಿದ್ದರೆ ಸಂಜೆಗೆ ಇಲ್ಲವಾಗುತ್ತದೆ. ನಾಳೆಗೆ ಎತ್ತಿಡಲು ಬುಟ್ಟಿಯಿಲ್ಲ, ಗಡಿಗೆಯಿಲ್ಲ. ಯಾವ ಸರಕು?" ಎಂದು ಕೇಳಿದ ಅರಸ.

"ಮಲ್ಲಿಗೆ ಹೂವು," ಅಂದ ಪಂಡಿತ. ರಾಜಗುರು ಅಲ್ಲವೆಂದು ತಲೆಯಾಡಿಸಿದ. ಭಟರು ಪಂಡಿತನನ್ನು ಎಳೆದುಕೊಂಡು ಹೋದರು.

"ಮೀನು," ಅಂದ ವ್ಯಾಪಾರಿ. ಮೀನನ್ನು ಒಣಗಿಸಿ ಇಡಬಹುದಲ್ಲ ಎಂದು ಅವನಿಗೆ ಹೊಳೆದದ್ದು ಆಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನನ್ನೂ ಎಳೆದೊಯ್ದರು.

ಜಟ್ಟು ಹೆದರುತ್ತಲೇ ಮುಂದೆ ಬಂದ.

"ಅದು ಒಂದು ದಿನದ ದುಡಿಮೆ, ಒಡೆಯಾ. ಇವತ್ತು ಯಾರೂ ಕೊಳ್ಳದ ದುಡಿಮೇನ ನಾಳೆ ಸೇರಿಸಿ ಮಾರೋಕಾಗಲ್ಲ. ಅದಕ್ಕೇ ಬಡವ ಒಬ್ಬನೇ ಬಂದು ನಿಂತರೆ, ಕೊಟ್ಟಷ್ಟಕ್ಕೆ ಹೂಂ ಅಂತಾನೆ."

ರಾಜಗುರು ಸರಿಯೆಂದ. ಅರಸ ಹುಬ್ಬು ಗಂಟಿಕ್ಕಿ ಎರಡನೆಯದನ್ನು ಕೇಳಿದ: "ಮಾರುವವರು ಸಾವಿರ, ಕೊಳ್ಳುವವನು ಒಬ್ಬ, ಬೆಲೆ ಕಟ್ಟುವವನೂ ಅವನೇ. ಯಾವ ಸಂತೆ?"

"ನಿಮ್ಮ ಉಪ್ಪಿನ ಗದ್ದೆಯ ಬಾಗಿಲು. ಈ ಸೀಮೆಯಲ್ಲಿ ಕೂಲಿ ಕೊಡೋರು ಬೇರೆ ಯಾರಿದಾರೆ? ನೀವು ಕೊಡೋದರಲ್ಲಿ ಬದುಕೋಕಾಗದೆ ಜನ ಊರು ಬಿಟ್ಟು ಹೋದರು. ಅರ್ಧ ಗದ್ದೆ ಪಾಳು ಬಿದ್ದಿದೆ. ಆಳು ಸಿಗಲ್ಲ ಅಂತೀರಿ. ಹೊಟ್ಟೆ ತುಂಬ ಕೂಲಿ ಕೊಡಿ, ಹೋದೋರೂ ತಿರುಗಿ ಬರ್ತಾರೆ."

ಅದೂ ಸರಿಯಾಯಿತು. ಈಗ ಅರಸ ಮೀಸೆಯಡಿಯಲ್ಲೇ ನಕ್ಕ. "ನೂರು ಜನರ ಅನ್ನ ಹೆಚ್ಚಿಸಿ, ಅದೇ ಹೊತ್ತಿಗೆ ಹತ್ತು ಜನರ ಅನ್ನ ಕಿತ್ತುಕೊಳ್ಳುವ ಕೈ ಯಾವುದು?"

ಉತ್ತರ ಜಟ್ಟುವಿಗೆ ಗೊತ್ತಿತ್ತು. ಹೇಳಿದರೆ ಅಕ್ಕ ಕಟ್ಟಿದ ಕೂಟಕ್ಕೇ ಮಸಿ. ಹೇಳದಿದ್ದರೆ ತನ್ನ ತಲೆಯ ಜೊತೆ ಅಕ್ಕನ ಪ್ರಾಣವೂ ಹೋಗುತ್ತದೆ. ಕೊನೆಗೆ ನಿಜವನ್ನೇ ಹೇಳಿದ.

"ಹೊರಗಿನೋರಿಗೆ ಬಾಗಿಲು ಮುಚ್ಚಿಕೊಂಡ ಕೂಟದ ಕೈ."

"ಸರಿ," ಅಂದ ರಾಜಗುರು.

ಅರಸ ತೊಡೆ ತಟ್ಟಿದ. "ನಿನ್ನ ಬಾಯಿಂದಲೇ ಬಂತು!"

"ಬಂತು, ಒಡೆಯಾ. ಕೆಲಸ ಕೇಳಿಕೊಂಡು ಘಟ್ಟದ ಮೇಲಿಂದ ಬಂದ ಹತ್ತು ಮನೆಯವರನ್ನ ನಾವೇ ಕೋಲು ಹಿಡಿದು ಓಡಿಸಿದ್ವಿ. ತಪ್ಪು ನಮ್ಮದು. ನೀವು ಆ ಹಸಿದೋರನ್ನೇ ಕರೆಸಿ ಅರ್ಧ ಕೂಲಿಗೆ ಗದ್ದೆಗೆ ಇಳಿಸೋಕೆ ಹೊರಟಿರಿ. ಗೊತ್ತಾದ ದಿನವೇ ಹೋಗಿ ಅವರ ಕಾಲಿಗೆ ಬಿದ್ವಿ. ಈಗ ಅವರೂ ಕೂಟದಲ್ಲಿದಾರೆ." ಜಟ್ಟುವಿನ ದನಿ ಏರಿತು. ಹೆದರಿಕೆ ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. "ಆದರೆ ಕಣಜ ತುಂಬ ಅಕ್ಕಿ ಇಟ್ಟುಕೊಂಡು, ಕೂಲಿ ಏರಿಸಿದರೆ ಹತ್ತು ಜನರನ್ನ ಹೊರಗೆ ಹಾಕ್ತೀನಿ ಅನ್ನೋ ಕೈ ಯಾರದು? ಆ ಒಗಟು ಯಾಕೆ ಕೇಳಲಿಲ್ಲ ನೀವು?"

ಅರಸನ ಮುಖ ಕಪ್ಪಿಟ್ಟಿತು. ಆದರೆ ಊರೆಲ್ಲ ಕೇಳುವಂತೆ ಡಂಗುರ ಹೊಡೆಸಿದ ಮಾತು, ನುಂಗುವಂತಿರಲಿಲ್ಲ.

"ವರ ಒಂದೇ. ಅಕ್ಕ ಬೇಕೋ, ಕೂಲಿ ಬೇಕೋ?"

"ಅಕ್ಕ."

ಸುಕ್ರಿಯನ್ನು ಕರೆತಂದು ಸಂಕೋಲೆ ಬಿಚ್ಚಿದರು. ಮಣಿಕಟ್ಟು ಹುಣ್ಣಾಗಿತ್ತು. ಅರಸ ಅಗ್ಗದಲ್ಲಿ ಪಾರಾದೆನೆಂದು ಗಹಗಹಿಸಿದ. "ಹೋಯಿತಲ್ಲೋ ನಿಮ್ಮ ಕೂಲಿ!"

"ಕೂಲಿ ವರ ಅಲ್ಲ, ಒಡೆಯಾ," ಅಂದ ಜಟ್ಟು. "ವರ ಬೇಡಿ ತಗೊಳ್ಳೋದು. ಕೂಲಿ ದುಡಿದು ತಗೊಳ್ಳೋದು. ಅದನ್ನ ನಾನೊಬ್ಬನೇ ಕೇಳಲ್ಲ, ಎಲ್ಲರೂ ಕೇಳ್ತೀವಿ."

ಅಕ್ಕ ತಮ್ಮ ಬಂದು ಬದುವಿನ ಮೇಲೆ ಎಲ್ಲರ ನಡುವೆ ಕೂತರು. ಕೂಟ ಕಟ್ಟುವ ಮೊದಲು ತೆಗೆದಿದ್ದ ಉಪ್ಪು ಗದ್ದೆಯಲ್ಲೇ ರಾಶಿ ಬಿದ್ದಿತ್ತು. ಮೂರನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಒಂದು ಮಳೆ ಬಿದ್ದರೆ ಅಷ್ಟೂ ನೀರುಪಾಲು. ಅರಸ ಪಲ್ಲಕ್ಕಿಯನ್ನೂ ಕಾಯದೆ, ಬರಿಗಾಲಲ್ಲಿ ಬದುವಿನ ಮೇಲೆ ಓಡಿ ಬಂದ.

"ಎರಡು ಹೊತ್ತಿನದು ಕೊಡುತ್ತೇನೆ. ಏಳಿ!"

ಸುಕ್ರಿ ಘಟ್ಟದವರ ಕಡೆ ತಿರುಗಿ, "ಏಳೋಣವೇನ್ರಪ್ಪಾ?" ಎಂದು ಕೇಳಿದಳು. ಅವರು ಎದ್ದ ಮೇಲೆ ಉಳಿದವರೂ ಎದ್ದರು.

ಮರುವರ್ಷ ಊರು ಬಿಟ್ಟವರು ತಿರುಗಿ ಬಂದರು, ಪಾಳು ಗದ್ದೆಗಳಿಗೂ ಕಡಲ ನೀರು ಹಾಯಿತು. ಅರಸನ ಕಣಜ ಮೊದಲಿನಷ್ಟೇ ತುಂಬಿತ್ತು. ಈ ಕೂಲಿಯಿಂದ ತಾನು ಹಾಳಾಗಿ ಹೋದೆನೆಂದು ಸಾಯುವ ತನಕ ಅಳುತ್ತಲೇ ಇದ್ದ, ಅಷ್ಟೆ.