ಮಾಸು ತೊಳೆದು ನೋಡಿದ್ದು

ಹೊಳೆದಂಡೆಯ ಆಶ್ರಮದಲ್ಲಿ ಬಸಲಿಂಗಮ್ಮ ಎಂಬ ಸೂಲಗಿತ್ತಿ ಇದ್ದಳು. ಅವಳ ಬಳಿ ವಿದ್ಯೆ ಕಲಿಯಲು ಬಂದವಳು ಕುಮುದಿನಿ, ಕಾಲೇಜು ಓದಿದವಳು.

ಒಂದು ಬೆಳಿಗ್ಗೆ ಅಲ್ಲಿ ದುರುಗಮ್ಮ ಎಂಬವಳಿಗೆ ಹೆರಿಗೆಯಾಯಿತು. ಸೊಳ್ಳೆ ಕಚ್ಚಿ ಬರುವ ಚಳಿಜ್ವರದಲ್ಲಿ ತಿಂಗಳಿಂದ ನಡುಗಿದ್ದವಳು ಅವಳು. ಹೆಣ್ಣು ಮಗು, ಬಲು ಚಿಕ್ಕದು.

ತಾಯಿಗೆ ಕೊಡುತ್ತಿದ್ದ ಜ್ವರದ ಕಹಿ ಮದ್ದನ್ನೇ ಕುಮುದಿನಿ ಹಾಲು ಕುಡಿಸುವ ಒಳಲೆಗೆ ಸುರಿದಳು.

"ಯಾರಿಗದು?" ಎಂದಳು ಗುರು.

"ಮಗುವಿಗೆ. ತಾಯಿಯ ರಕ್ತದ ತುಂಬ ಜ್ವರದ ಕ್ರಿಮಿ. ಅದೇ ರಕ್ತದಲ್ಲಿ ಬೆಳೆದ ಕೂಸಲ್ವಾ ಇದು?"

"ಆ ಮದ್ದು ದೊಡ್ಡವರನ್ನೇ ಅಲ್ಲಾಡಿಸುತ್ತೆ. ಈ ಗುಬ್ಬಿಮರಿ ತಡೆಯುತ್ತಾ?"

"ಕೊಡದಿದ್ದರೆ ಜ್ವರವೇ ಕೊಲ್ಲುತ್ತೆ, ಅಮ್ಮ."

"ಮಾಸು ನೋಡಿದೆಯಾ?"

ಕುಮುದಿನಿಯ ಕೈ ನಿಂತಿತು. ಮಗುವಿನ ಹಿಂದೆಯೇ ಬೀಳುವ ಮಾಸನ್ನು ತೊಳೆದು ನೋಡುವವರೆಗೆ ಕೂಸಿನ ಬಾಯಿಗೆ ತಾಯಿಯ ಹಾಲಲ್ಲದೆ ಬೇರೇನೂ ಮುಟ್ಟಿಸಬಾರದು. ಅದು ಆ ಆಶ್ರಮದ ಪದ್ಧತಿ. ಅವಳೋ ಮಾಸನ್ನು ತೊಳೆಯದೆ ಹಾಗೆಯೇ ಮಡಕೆಗೆ ಹಾಕಿ, ಹೂಳಲು ದುರುಗಮ್ಮನ ಅತ್ತೆಯ ಕೈಗೆ ಕೊಟ್ಟುಬಿಟ್ಟಿದ್ದಳು.

ಓಡಿ ಹೋಗಿ ಮಡಕೆ ತಂದಳು. ಹಿಂದೆಯೇ ಅತ್ತೆ ಬಂದಳು, ಕೈಯೆಲ್ಲ ಮಣ್ಣು.

"ಕುಣಿ ಅರ್ಧ ತೋಡಿದ್ದೆ ಕಣ್ರವ್ವಾ! ಬಿದ್ದುಹೋದ ಕಸದಲ್ಲಿ ಓದಿದೋರಿಗೆ ನೋಡೋದೇನೈತೆ?"

"ಅದನ್ನೇ ಅವಳೂ ಈಗ ಕಲೀಬೇಕು, ಕೂತ್ಕೋ" ಎಂದಳು ಬಸಲಿಂಗಮ್ಮ.

ಕೆಂಪಗಿರಬೇಕಾದ ಮಾಸು ಜ್ವರದಿಂದ ಬೂದು ಬಣ್ಣಕ್ಕೆ ತಿರುಗಿತ್ತು. ಗುರು ಅದರ ಒಂದು ಚೂರನ್ನು ನೀರಲ್ಲಿ ಬಿಟ್ಟಳು. ಅದು ಬೇರುಗಳ ಗೊಂಚಲಿನ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತು.

"ತಾಯಿಯ ರಕ್ತ ಈ ಬೇರುಗಳ ಹೊರಗೆ, ಮಗುವಿನದು ಒಳಗೆ. ಮಾಸಿನಿಂದ ತಾಯಿಯ ರಕ್ತ ಒಂದು ಹನಿ, ಹೊಕ್ಕುಳಬಳ್ಳಿಯಿಂದ ಮಗುವಿನದು ಒಂದು ಹನಿ ತೆಗೆ."

ಕುಮುದಿನಿ ಎರಡು ಗಾಜಿನ ಮೇಲೆ ಹನಿ ಸವರಿ, ಬಣ್ಣ ಹಾಕಿ, ಆಶ್ರಮದ ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ತಾಯಿಯ ಹನಿಯಲ್ಲಿ ಕ್ರಿಮಿಗಳು ಕಿಕ್ಕಿರಿದಿದ್ದವು. ಮಗುವಿನ ಹನಿಯನ್ನು ಮೂರು ಸಲ ನೋಡಿದಳು.

"ಒಂದೂ ಇಲ್ಲ! ಇಷ್ಟು ಹತ್ತಿರ ಬಂದು ಹೊರಗೇ ಯಾಕೆ ನಿಂತವು?"

ಗುರು ಪೆಟ್ಟಿಗೆಯಿಂದ ಇನ್ನೊಂದು ಗಾಜು ತೆಗೆದಳು. ಬೇರೆ ಯಾವುದೋ ಮಾಸಿನಿಂದ ಹಿಂದೆಂದೋ ಮಾಡಿಟ್ಟದ್ದು.

"ಇದು ಬೇರಿನ ಹೊರಪೊರೆ. ಎಷ್ಟು ಜೀವಕೋಶ ಇವೆ, ಎಣಿಸು."

ಕುಮುದಿನಿ ಎಣಿಸಿದಳು. ತಪ್ಪಿತು. ಮತ್ತೆ ಎಣಿಸಿದಳು.

"ಕೋಶದೊಳಗಿನ ಬೀಜಗಳು, ಕೋಶಕೇಂದ್ರಗಳು, ಸಾಲಾಗಿ ಕಾಣ್ತವೆ. ಒಂದು ಕೋಶ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು, ಅದೇ ಗೊತ್ತಾಗ್ತಿಲ್ಲ. ನಡುವೆ ಗೋಡೆಗಳೇ ಇಲ್ಲ, ಅಮ್ಮ!"

"ಎಲ್ಲ ಕರಗಿ ಒಂದಾಗಿವೆ. ಎಷ್ಟೋ ಕ್ರಿಮಿಗಳು ನುಸುಳೋದೇ ಕೋಶ ಕೋಶದ ನಡುವಿನ ಸಂದಿಯಲ್ಲಿ. ಇಲ್ಲಿ ಆ ಸಂದಿಯೇ ಇಲ್ಲ."

"ಸಂದಿಯೇ ಇಲ್ಲದಿದ್ದರೆ ಮಗುವಿಗೆ ಅನ್ನ ಹೇಗೆ ಹೋಯ್ತು?"

ಬಸಲಿಂಗಮ್ಮ ಅವಳ ಬೆರಳು ಹಿಡಿದು ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಹೊರಮೈಗೆ ಒತ್ತಿದಳು.

"ತೂತಿದೆಯಾ?"

"ಇಲ್ಲ."

"ಮತ್ತೆ ಬೆರಳು ಯಾಕೆ ಒದ್ದೆ?"

"ನೀರು ಜಿನುಗಿ ಬಂತು" ಎಂದಳು ಕುಮುದಿನಿ. ಆಮೇಲೆ ಒಳಲೆಯ ಮದ್ದನ್ನು ಚೆಲ್ಲಿ, ಮಗುವನ್ನು ತಾಯಿಯ ಎದೆಗೆ ಕೊಟ್ಟಳು.

"ಈ ಕಾವಲು ಸೋಲೋದೇ ಇಲ್ವಾ?"

"ಸೋತದ್ದನ್ನೂ ನೋಡಿದ್ದೀನಿ. ಗೆದ್ದಾಗಲೂ ಬಿಟ್ಟಿಯಲ್ಲ, ಮಗು ಎಷ್ಟು ಸೊರಗಿದೆ ನೋಡು. ನಾಳೆಯೂ ಒಂದು ಹನಿ ತೆಗೆದು ನೋಡು, ನಾಡಿದ್ದೂ ನೋಡು. ಕ್ರಿಮಿ ಕಂಡರೆ ಕೂಸಿನ ಅಳತೆಗೆ ಮದ್ದು ಕೊಡೋಣ."

ಅತ್ತೆ ಮಾಸನ್ನು ಎರಡೂ ಕೈಯಲ್ಲಿ ಎತ್ತಿ ಮಡಕೆಗಿಟ್ಟಳು. ಈ ಸಲ ಕಸ ಎನ್ನಲಿಲ್ಲ.

ಮಡಕೆ ಹೊರಗೆ ಹೋಗುವುದನ್ನು ಕುಮುದಿನಿ ಬಾಗಿಲವರೆಗೂ ನೋಡಿದಳು.

"ಇನ್ನು ಈ ಮಗುವನ್ನು ಕಾಯೋರು ಯಾರಮ್ಮ?"

ಗುರು ಬಾಣಂತಿಯ ಮಂಚದ ಸೊಳ್ಳೆಪರದೆಯನ್ನು ಬಿಚ್ಚಿ ಕುಮುದಿನಿಯ ಕೈಗಿತ್ತಳು.

"ಇದು ಮನುಷ್ಯರು ಹೊಲಿದದ್ದು. ಎಲ್ಲೆಲ್ಲಿ ಹೊಲಿಗೆ ಬಿಟ್ಟಿದೆ, ಹುಡುಕು."