ಮ್ಯಾನೇಜರರ ಸ್ವಂತ ನಂಬರು

ದಾವಣಗೆರೆಯಲ್ಲಿ ಪಶುವೈದ್ಯರ ಸಮ್ಮೇಳನ ನಡೆದಿತ್ತು. ಬಂದವರ ಹೆಸರು ನೋಂದಾಯಿಸುವ ಮೇಜಿನ ಹಿಂದೆ ನಾಗವೇಣಿ ಕೂತಿದ್ದಳು. ಊಟದ ಖರ್ಚು ಹೊತ್ತಿದ್ದ ಔಷಧ ಕಂಪನಿಯ ಮ್ಯಾನೇಜರ್ ವಿಠೋಬರಾವ್ ಗತ್ತಿನಿಂದ ಬಂದು ಅವಳ ಮುಂದೆ ನಿಂತರು.

"ಎಲ್ಲಾ ಡಾಕ್ಟರುಗಳ ಮೊಬೈಲ್ ನಂಬರು ಬೇಕಮ್ಮ. ಈಗಲೇ."

"ಅವರ ಒಪ್ಪಿಗೆ ಇಲ್ಲದೆ ಕೊಡೋ ಹಾಗಿಲ್ಲ ಸಾರ್. ಕಾನೂನು ಇದೆ."

"ಕಾನೂನಂತೆ! ನಂಬರು ಕೊಟ್ಟರೆ ಯಾರ ಗಂಟೇನು ಹೋಗುತ್ತೆ? ಕೊಡದಿದ್ದರೆ ಮಧ್ಯಾಹ್ನದ ಊಟ ನಿಲ್ಲಿಸಿಬಿಡ್ತೀನಿ."

ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ನಾಗವೇಣಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಹೀಗನ್ನುವ ಮನುಷ್ಯ ತನ್ನದೇ ನಂಬರು ಕೇಳಿದರೆ ಏನು ಮಾಡಿಯಾನು?

"ಇನ್ನೂ ಸುಲಭ ಮಾಡೋಣ ಸಾರ್. ನಿಮ್ಮ ಸ್ವಂತ ನಂಬರು ಹೇಳಿ. ಮನೆಯವರು ಫೋನ್ ಮಾಡ್ತಾರಲ್ಲ, ಅದು. ವೇದಿಕೆಯಿಂದ ಕೂಗಿಸ್ತೀನಿ. ಹೊತ್ತುಗೊತ್ತು ನೋಡದೆ ಎಲ್ಲರೂ ನಿಮಗೇ ಫೋನ್ ಮಾಡಲಿ."

ವಿಠೋಬರಾಯರ ಕೈ ತಾನಾಗಿ ಜೇಬಿನ ಮೊಬೈಲನ್ನು ಮುಚ್ಚಿತು. "ಅಯ್ಯೋ, ಅದು ನನ್ನ ಸ್ವಂತದ್ದು ಕಣಮ್ಮ! ಕಂಡಕಂಡವರಿಗೆಲ್ಲ ಹೇಗೆ ಕೊಡೋದು? ನಾನು ಒಪ್ಪೋದಿಲ್ಲ."

"ನಾನು ಕೇಳಿದ್ದಕ್ಕೆ ನೀವು ಬೇಡ ಅಂದಿರಿ ಸಾರ್. ಆ ಡಾಕ್ಟರುಗಳನ್ನ ಯಾರೂ ಕೇಳೇ ಇಲ್ಲವಲ್ಲ?"

ವಿಠೋಬರಾಯರು ನಕ್ಕುಬಿಟ್ಟರು.

ಊಟ ನಿಲ್ಲಲಿಲ್ಲ. ಪಂಕ್ತಿಯಲ್ಲಿ ವಿಠೋಬರಾಯರೇ ಹೋಳಿಗೆ ತಟ್ಟೆ ಹಿಡಿದು ಪ್ರತಿ ಎಲೆಯ ಮುಂದೆಯೂ ಬಗ್ಗಿದರು. "ಡಾಕ್ಟ್ರೇ, ನಿಮ್ಮ ನಂಬರು ಕೊಡಬಹುದಾ?" ಅಂತ ಮೆಲ್ಲಗೆ ಕೇಳಿದರು. ತುಂಬಾ ಜನ ಸಂತೋಷದಿಂದ ಕೊಟ್ಟರು. ನಂಬರು ಕೊಡೋಲ್ಲ ಅಂದವರ ಎಲೆಗೂ ಇನ್ನೊಂದು ಹೋಳಿಗೆ ಹಾಕಿ ಮುಂದೆ ನಡೆದರು.